ಹ್ಯೂಲೆಟ್ ಅವರ ಬಲ್ಬ್

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ವೀನ್ ಬ್ರಿಜ್ ಆಸಿಲೇಟರ್ ಪ್ರಯೋಗದ ದಿನ ನಮ್ಮ ಉಪನ್ಯಾಸಕರು, ವಿಲಿಯಂ ಹ್ಯೂಲೆಟ್ ಅವರು ಇದೇ ಸರ್ಕ್ಯೂಟಿಗೆ ಒಂದು ಬಲ್ಬ್ ಸೇರಿಸಿ ಕಂಪನಿ ಕಟ್ಟಿದರು ಎಂದರು. ಬಲ್ಬ್ ಅಲ್ಲಿ ಮಾಡುವ ಕೆಲಸವೇನು? ಅವರ ವೃತ್ತಿಜೀವನ ಹೇಗೆ ಸಾಗಿತು?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಉಪನ್ಯಾಸಕರು ಹೇಳಿದ್ದು ನಿಜ. 1913ರಲ್ಲಿ ಹುಟ್ಟಿದ ಹ್ಯೂಲೆಟ್ ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಪದವಿ ಪಡೆದು, 1936ರಲ್ಲಿ ಎಂಐಟಿಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಮತ್ತೆ ಸ್ಟ್ಯಾನ್‌ಫರ್ಡ್‌ಗೆ ಮರಳಿ ಅಲ್ಲಿನ ಪ್ರಾಧ್ಯಾಪಕ ಫ್ರೆಡರಿಕ್ ಟರ್ಮನ್ ಅವರ ಬಳಿ ಅಧ್ಯಯನ ಮುಂದುವರಿಸಿದರು. ಆಗ ಅವರು ಪ್ರಬಂಧಕ್ಕೆ ಆರಿಸಿಕೊಂಡ ವಿಷಯವೇ ಈ ಆಸಿಲೇಟರ್, ಅಂದರೆ ತಾನಾಗಿಯೇ ನಿರಂತರ ವಿದ್ಯುತ್ ಅಲೆ ಹುಟ್ಟಿಸುವ ಸರ್ಕ್ಯೂಟ್.

ವೀನ್ ಬ್ರಿಜ್ ಆಸಿಲೇಟರಿನಲ್ಲಿ ಎರಡು ರೆಸಿಸ್ಟರ್‌ಗಳೂ ಎರಡು ಕೆಪಾಸಿಟರ್‌ಗಳೂ ಸಮವಾಗಿದ್ದಾಗ ಆಂಪ್ಲಿಫೈಯರಿನ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) ಸರಿಯಾಗಿ 3 ಇರಬೇಕೆಂಬುದನ್ನು ನೀವು ಲೆಕ್ಕ ಮಾಡಿಯೇ ಇರುತ್ತೀರಿ. ಅದಕ್ಕಿಂತ ತುಸು ಕಡಿಮೆಯಾದರೆ ಅಲೆ ಸತ್ತುಹೋಗುತ್ತದೆ. ತುಸು ಹೆಚ್ಚಾದರೆ ಬೆಳೆಯುತ್ತಲೇ ಹೋಗಿ ಅದರ ತಲೆ ಕತ್ತರಿಸಿಹೋಗುತ್ತದೆ. ವಾಲ್ವ್‌ಗಳ ಗೇನ್ ಬಿಸಿಗೂ ವಯಸ್ಸಿಗೂ ಬದಲಾಗುತ್ತಿದ್ದ ಕಾಲದಲ್ಲಿ ಅದನ್ನು ಕೈಯಿಂದ 3ಕ್ಕೆ ನಿಲ್ಲಿಸುವುದು ಆಗದ ಮಾತು. ಬಲ್ಬಿನ ಟಂಗ್‌ಸ್ಟನ್ ತಂತಿ ಬಿಸಿಯಾದಷ್ಟೂ ಅದರ ರೋಧ ಏರುತ್ತದೆ. ಹ್ಯೂಲೆಟ್ ಅವರು ಅದನ್ನು, ಔಟ್‌ಪುಟ್ಟಿನ ಒಂದು ಪಾಲನ್ನು ಹಿಂದಿರುಗಿಸಿ ಗೇನ್ ತಗ್ಗಿಸುವ ನೆಗೆಟಿವ್ ಫೀಡ್‌ಬ್ಯಾಕ್ ದಾರಿಯಲ್ಲಿ ಇರಿಸಿದ್ದರಿಂದ, ಅಲೆ ದೊಡ್ಡದಾದೊಡನೆ ತಂತಿ ಕಾದು, ರೋಧ ಹೆಚ್ಚಿ, ಗೇನ್ ತಾನಾಗಿಯೇ ಇಳಿಯುತ್ತಿತ್ತು. ಅಲೆ ಕುಗ್ಗಿದರೆ ಇದೇ ಕ್ರಿಯೆ ತಿರುಗುಮುರುಗಾಗುತ್ತಿತ್ತು. ತಂತಿ ನಿಧಾನವಾಗಿ ಕಾಯುವುದೂ ಇಲ್ಲಿ ಅನುಕೂಲವೇ, ಏಕೆಂದರೆ ಅದು ಒಂದೊಂದು ಅಲೆಗೂ ಸ್ಪಂದಿಸಿದರೆ ಅಲೆಯ ಆಕಾರವೇ ಕೆಡುತ್ತದೆ. ಇಷ್ಟು ಅಗ್ಗದ ವಸ್ತುವಿನಿಂದ ಇಷ್ಟು ಸೂಕ್ಷ್ಮವಾದ ಕೆಲಸ ಮಾಡಿಸಿದ ಇನ್ನೊಂದು ಸರ್ಕ್ಯೂಟನ್ನು ನಾನು ಕಂಡಿಲ್ಲ.

ಇನ್ನೊಂದು ಲಾಭವನ್ನು ಪಠ್ಯಪುಸ್ತಕಗಳು ಒತ್ತಿ ಹೇಳುವುದಿಲ್ಲ. ಕಾಯಿಲ್ ಬಳಸುವ ಆಸಿಲೇಟರಿನಲ್ಲಿ ಕೆಪಾಸಿಟರನ್ನು ಹತ್ತು ಪಟ್ಟು ಬದಲಿಸಿದರೂ ಆವರ್ತನ ಬದಲಾಗುವುದು ಹತ್ತರ ವರ್ಗಮೂಲದಷ್ಟು, ಅಂದರೆ ಸುಮಾರು 3.16 ಪಟ್ಟು ಮಾತ್ರ. ಇಲ್ಲಿ ಎರಡೂ ಕೆಪಾಸಿಟರ್‌ಗಳನ್ನು ಒಟ್ಟಿಗೆ ಬದಲಿಸಿದರೆ ಅದು ಪೂರ್ತಿ ಹತ್ತು ಪಟ್ಟು ಬದಲಾಗುತ್ತದೆ.

1939ರಲ್ಲಿ ಹ್ಯೂಲೆಟ್ ಅವರು ಡೇವಿಡ್ ಪ್ಯಾಕರ್ಡ್ ಅವರೊಂದಿಗೆ 538 ಡಾಲರ್ ಬಂಡವಾಳದಲ್ಲಿ, ಪಾಲೊ ಆಲ್ಟೊದ ಒಂದು ಗ್ಯಾರೇಜಿನಲ್ಲಿ ಹ್ಯೂಲೆಟ್-ಪ್ಯಾಕರ್ಡ್ (ಎಚ್‌ಪಿ) ಕಂಪನಿ ಆರಂಭಿಸಿದರು. ಯಾರ ಹೆಸರು ಮೊದಲು ಬರಬೇಕೆಂಬುದು ನಾಣ್ಯ ಚಿಮ್ಮಿ ನಿರ್ಧಾರವಾಯಿತು. ಮೊದಲ ಉಪಕರಣವಾದ ಈ ಆಸಿಲೇಟರಿಗೆ 200ಎ ಎಂಬ ಸಂಖ್ಯೆ ಕೊಟ್ಟದ್ದು, ಕಂಪನಿ ಹೊಸದೆಂದು ಗ್ರಾಹಕರಿಗೆ ತೋರಬಾರದೆಂದು. ಅದರ ಬೆಲೆ 54.40 ಡಾಲರ್. ಅದರ ಸುಧಾರಿತ ರೂಪವಾದ 200ಬಿ ಮಾದರಿಯ ಎಂಟನ್ನು ವಾಲ್ಟ್ ಡಿಸ್ನಿ ಸ್ಟುಡಿಯೊ ಚಲನಚಿತ್ರವೊಂದರ ಧ್ವನಿ ಕೆಲಸಕ್ಕೆ ಕೊಂಡಿತು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕದ ಸೇನೆಯ ಸಿಗ್ನಲ್ ಕೋರ್‌ನಲ್ಲಿದ್ದ ಅವರು ಬಳಿಕ ಕಂಪನಿಗೆ ಮರಳಿ, ಮುಂದೆ ಅದರ ಅಧ್ಯಕ್ಷರಾದರು. ಆಡಳಿತದ ಹೊಣೆ ಹೊತ್ತ ಮೇಲೂ ಅವರ ಮನಸ್ಸು ಉಪಕರಣಗಳಲ್ಲಿಯೇ ಇತ್ತೆಂಬುದಕ್ಕೆ, ಅವರ ಒತ್ತಾಸೆಯಿಂದ 1972ರಲ್ಲಿ ಹೊರಬಂದ ಎಚ್‌ಪಿ-35 ಎಂಬ ಜೇಬಿನ ವೈಜ್ಞಾನಿಕ ಕ್ಯಾಲ್ಕುಲೇಟರ್ ಸಾಕ್ಷಿ. 2001ರಲ್ಲಿ ಅವರು ನಿಧನರಾದರು. ಅವರ ಮೂಲ ಕಸುಬಾದ ಅಳತೆ ಉಪಕರಣಗಳ ವಿಭಾಗ 1999ರಲ್ಲಿ ಅಜಿಲೆಂಟ್ ಆಗಿ, 2014ರಲ್ಲಿ ಅದರಿಂದ ಕೀಸೈಟ್ ಆಗಿ ಬೇರ್ಪಟ್ಟಿತು.

ಸಾಧ್ಯವಾದರೆ ಕಡಿಮೆ ಕರೆಂಟಿನ ಸಣ್ಣ ಬಲ್ಬ್ ಬಳಸಿ ಈ ಸರ್ಕ್ಯೂಟನ್ನು ನೀವೇ ಕಟ್ಟಿ, ಆಸಿಲೋಸ್ಕೋಪಿಗೆ ಜೋಡಿಸಿ, ಆವರ್ತನದ ಗುಬುಟನ್ನು ಥಟ್ಟನೆ ತಿರುಗಿಸಿ ನೋಡಿ. ಅಲೆಯ ಎತ್ತರ ಕ್ಷಣಕಾಲ ತೂಗಾಡಿ ಮತ್ತೆ ನೆಲೆಗೊಳ್ಳುತ್ತದೆ; ಆಗ ನಿಮಗೆ ಕಾಣುವುದು ಆ ತಂತಿ ಕಾಯುವ ಮತ್ತು ಆರುವ ವೇಗ.