ಕುಲಾಂತರಿ ಆಹಾರದ ಲೇಖನ: ರಾಣೆಬೆನ್ನೂರಿನ ಬರಹಗಾರ್ತಿಗೆ ಉತ್ತರ

ಮಾನ್ಯರೆ,

ಕುಲಾಂತರಿ ಆಹಾರವನ್ನು ವಿರೋಧಿಸಿ ನೀವು ಧಾರವಾಡದ ನಮ್ಮ ಕಚೇರಿಗೆ ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ಸುಮ್ಮನೆ ಮರಳಿಸಲೂ ಮನಸ್ಸಾಗದೆ ಕಾರಣಗಳನ್ನು ಬರೆಯುತ್ತಿದ್ದೇನೆ.

ಹೈಬ್ರಿಡ್ ಬೀಜವನ್ನೂ, ಬೇರೆ ಜೀವಿಯ ವಂಶವಾಹಿಯನ್ನು ಸೇರಿಸಿದ ಕುಲಾಂತರಿ ಬೀಜವನ್ನೂ ನೀವು ಒಂದೇ ಎಂದು ಭಾವಿಸಿದ್ದೀರಿ. ನೀವು ದೂರಿರುವ ವರಲಕ್ಷ್ಮಿ ಹತ್ತಿ ಕುಲಾಂತರಿಯಲ್ಲ. ಎರಡು ಹತ್ತಿ ಪ್ರಭೇದಗಳನ್ನು ಸಂಕರಗೊಳಿಸಿ 1972ರಲ್ಲಿ ಧಾರವಾಡದಲ್ಲೇ ರೂಪಿಸಿದ ತಳಿ ಅದು. ಕಾಯಿಕೊರಕ ಹುಳುವನ್ನು ತಡೆಯಲೆಂದು ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಸೇರಿಸಿದ ಬಿಟಿ ಹತ್ತಿಗೆ ಅನುಮತಿ ದೊರೆತದ್ದು 2002ರಲ್ಲಿ. ಇಷ್ಟನ್ನು ಬಲ್ಲ ರೈತನೊಬ್ಬ ನಿಮ್ಮ ಎರಡನೆಯ ಪುಟದಲ್ಲೇ ಓದು ನಿಲ್ಲಿಸುತ್ತಾನೆ.

ಕುಲಾಂತರಿ ತಿಂದರೆ ಕ್ಯಾನ್ಸರ್ ಖಚಿತ ಎಂಬ ವಾಕ್ಯಕ್ಕೆ ನೀವು ಯಾವ ಆಧಾರವನ್ನೂ ಕೊಟ್ಟಿಲ್ಲ, ಆದ್ದರಿಂದ ಅದನ್ನು ತೆಗೆಯಿರಿ. ಅದೇ ಬ್ಯಾಕ್ಟೀರಿಯಾದ ವಂಶವಾಹಿಯಿರುವ ಬಿಟಿ ಬದನೆಯನ್ನು ತಡೆಹಿಡಿದ ನಿರ್ಧಾರದ ಪರ ನಾನೂ ಇದ್ದೇನೆ. ನಮ್ಮ ಕಡೆಯ ವಾದ ಇಷ್ಟು ಸಡಿಲವಾಗಿರುವುದು ನನಗೆ ನೋವಿನ ಸಂಗತಿ. 2009ರ ಅಕ್ಟೋಬರಿನಲ್ಲಿ ತಜ್ಞ ಸಮಿತಿ ಒಪ್ಪಿಗೆ ಕೊಟ್ಟ ಮೇಲೆ, ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿ, 2010ರ ಫೆಬ್ರವರಿ 9ರಂದು ಅದನ್ನು ತಡೆಹಿಡಿದರು. ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ, ಸ್ವತಂತ್ರ ಪರೀಕ್ಷೆ ಸಾಲದು ಎಂಬ ಅವರ ಕಾರಣಗಳು ನಿಮ್ಮ ಭಯಕ್ಕಿಂತ ಗಟ್ಟಿಯಾಗಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಮಾಳಾಪುರ, ಕುಡಚಿ, ರಬಕವಿ ಮೊದಲಾದ ನಮ್ಮ ನಾಡಿನ ಬದನೆ ತಳಿಗಳಲ್ಲೇ ಆ ವಂಶವಾಹಿಯನ್ನು ತರುವ ಕೆಲಸ ಮಾಡಿತ್ತೆಂಬುದನ್ನು ನೀವು ಬರೆಯಲೇಬೇಕಿತ್ತು. ಬಾಂಗ್ಲಾದೇಶ 2013ರಲ್ಲಿ ಅದೇ ಬೆಳೆಗೆ ಅನುಮತಿ ಕೊಟ್ಟಿತು. ನಿಮ್ಮ ವಾದಕ್ಕೆ ಒಗ್ಗದು ಎಂದು ಅದನ್ನೂ ಬಿಡಬೇಡಿ.

ಇಡೀ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡೇ ಸಾಲು. ಹತ್ತಿಕಾಳು ರುಬ್ಬಿ ಎಮ್ಮೆಗೆ ಇಡುತ್ತಿದ್ದ ನಿಮ್ಮ ಅತ್ತೆಯವರು, "ಈ ಹಾಲು ಕೂಸಿಗೆ ಕೊಡಬಹುದೇನವಾ?" ಎಂದು ಕೇಳಿದರೆಂದು ಬರೆದು, ನೀವು ತಕ್ಷಣ ಅಮೆರಿಕದ ಮೆಕ್ಕೆಜೋಳಕ್ಕೆ ಹಾರಿದ್ದೀರಿ. ದೇಶದ ಹತ್ತಿ ಹೊಲಗಳಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ಬಿಟಿಯೇ ಆಗಿರುವಾಗ, ಅದರ ಕಾಳು, ಹಿಂಡಿ, ಎಣ್ಣೆಗಳ ಮೂಲಕ ಈ ಚರ್ಚೆ ನಮ್ಮ ದನದ ಕೊಟ್ಟಿಗೆಗೂ ಅಡುಗೆಮನೆಗೂ ಆಗಲೇ ಬಂದಿದೆ. ಗಾಣದವರನ್ನು, ಪಶುವೈದ್ಯರನ್ನು, ಗುಲಾಬಿ ಕಾಯಿಕೊರಕ ಹುಳುವಿನಿಂದ ಹತ್ತಿ ಬೆಳೆ ಕಳೆದುಕೊಂಡವರನ್ನು ಕಂಡು ಮಾತನಾಡಿ. ಲೇಖನವನ್ನು ಆ ಪ್ರಶ್ನೆಯಿಂದಲೇ ಆರಂಭಿಸಿ. ಅತ್ತೆಯವರಿಗೆ ನೀವು ಏನು ಉತ್ತರ ಕೊಟ್ಟಿರೆಂದು ಎಲ್ಲಿಯೂ ಹೇಳಿಲ್ಲ, ಅದನ್ನೂ ಬರೆಯಿರಿ.

ಸಂಪಾದಕ