ಸಂದರ್ಶನ ಮುಗಿದ ಮೇಲೂ ರೇಡಿಯೋದವರು ಒಂದು ನಿಮಿಷ ಯಾಕೆ ರೆಕಾರ್ಡ್ ಮಾಡುತ್ತಾರೆ?

ಮಾತನ್ನು ಕತ್ತರಿಸಿ ಜೋಡಿಸುವಾಗ ಬೀಳುವ ಬಿರುಕು ಮುಚ್ಚಲು. ಇಳಕಲ್ಲಿನ ನೇಕಾರರ ಮನೆಯೊಂದರಲ್ಲಿ ಮಾತು ಮುಗಿದರೂ ರೇಡಿಯೋದವರು ಎಲ್ಲರನ್ನೂ ಸುಮ್ಮನೆ ಕೂರಿಸಿ ಮೈಕ್ ಹಿಡಿದರು ಎನ್ನಿ, ಆಗ ಅವರು ರೆಕಾರ್ಡ್ ಮಾಡಿಕೊಳ್ಳುವುದು ಆ ಕೋಣೆಯ ಸದ್ದನ್ನು. ಫ್ಯಾನು, ಬೀದಿಯ ಗದ್ದಲ, ಅಂಗಳದ ಗುಬ್ಬಿ ಪ್ರತಿ ಮಾತಿನ ಹಿಂದೆಯೂ ಇದ್ದೇ ಇರುತ್ತವೆ. ಒಂದು ವಾಕ್ಯ ತೆಗೆದರೆ ಅದರ ಹಿಂದಿನ ಸದ್ದೂ ಹೋಗುತ್ತದೆ. ಕಿವಿ ಆ ಜಿಗಿತವನ್ನು ತಟ್ಟನೆ ಹಿಡಿಯುತ್ತದೆ. ಪೂರ್ತಿ ನಿಶ್ಶಬ್ದ ಇಟ್ಟರಂತೂ ರೇಡಿಯೋ ಕೆಟ್ಟಿತೆಂದೇ ಜನ ತಿಳಿಯುತ್ತಾರೆ. ಅದಕ್ಕೇ ಆ ಒಂದು ನಿಮಿಷದ ಸದ್ದನ್ನು ತುಣುಕುಗಳ ಕೆಳಗೆ ಹಾಸುತ್ತಾರೆ, ಕೌದಿಯ ತುಂಡುಗಳಡಿ ಹಳೇ ಸೀರೆ ಹಾಸಿದ ಹಾಗೆ.

ಮಗ್ಗ ನಿಲ್ಲಿಸಿ ಮಾತಾಡಿಸುವುದೂ ಇದಕ್ಕೇ. ಲಾಳಿಯ ಸದ್ದಿಗೆ ಲಯವಿದೆ. ಮಾತು ಕತ್ತರಿಸಿದಲ್ಲೆಲ್ಲ ತಾಳ ತಪ್ಪುತ್ತದೆ. ಮಗ್ಗವನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಬೆರೆಸುತ್ತಾರೆ.

ಗೀಗೀ ಪದದ ಮೇಳಕ್ಕೆ ಈ ಉಪಾಯ ಒಗ್ಗದು. ಹಾಡು, ದಪ್ಪು, ತುಂತುಣಿ ಒಟ್ಟಿಗೇ ನಡೆಯಬೇಕು. ಅಲ್ಲಿ ಮೈಕ್ ಎಲ್ಲಿಡಬೇಕೆಂಬುದೇ ನಿರ್ಮಾಪಕರ ಅರ್ಧ ಕಸುಬು. ದಪ್ಪಿಗೆ ತೀರಾ ಹತ್ತಿರ ಇಟ್ಟರೆ ಪದದ ಮಾತೇ ಕೇಳಿಸುವುದಿಲ್ಲ.