ಓದುಗರ ಪ್ರಶ್ನೆ: ಸರ್ವರ್ ಇಲ್ಲದೆ ಫೋನಿನಿಂದ ಫೋನಿಗೆ

ಪ್ರಶ್ನೆ: ನಮ್ಮದು ಹವ್ಯಾಸಿ ಯಕ್ಷಗಾನ ತಂಡ. ಆಟದ ವಿಡಿಯೊಗಳನ್ನು ಕ್ಲೌಡಿಗೆ ಹಾಕದೆ ಸಿಂಕ್‌ಥಿಂಗ್ ಎಂಬ ಫೈಲ್ ಹಂಚಿಕೆ ಆಪ್‌ನಲ್ಲಿ ನೇರವಾಗಿ ಹಂಚಿಕೊಳ್ಳುತ್ತೇವೆ. ಒಂದು ಕಂಪ್ಯೂಟರ್, ಆರು ಆಂಡ್ರಾಯ್ಡ್ ಫೋನ್. ಒಂದೇ ವೈಫೈಯಲ್ಲಿದ್ದಾಗ ಸರಾಗ. ಅವರವರ ಮನೆಗೆ ಹೋದ ಮೇಲೆ ಆಮೆಗತಿ, ಸ್ಕ್ರೀನ್ ಆರಿದರೆ ಅದೂ ಇಲ್ಲ. ಏನು ಮಾಡೋಣ?
– ಓದುಗರು, ಕುಂದಾಪುರ

ಉತ್ತರ: ಇವು ಎರಡು ಬೇರೆಬೇರೆ ತೊಂದರೆಗಳು. ಮೊದಲು ವೇಗ. ಕಂಪ್ಯೂಟರಿನ ಬ್ರೌಸರ್‌ನಲ್ಲಿ 127.0.0.1:8384 ತೆರೆದು, ಆ ಫೋನಿನ ಹೆಸರು ಒತ್ತಿ, ಸಂಪರ್ಕದ ಬಗೆ ನೋಡಿ. ‘ರಿಲೇ’ ಎಂದಿದ್ದರೆ ನಿಮ್ಮ ವಿಡಿಯೊ ಸ್ವಯಂಸೇವಕರು ನಡೆಸುವ ಯಾವುದೋ ಸರ್ವರ್ ಸುತ್ತಿಕೊಂಡು ಬರುತ್ತಿದೆ. ಗೂಢಲಿಪಿಯಲ್ಲೇ ಹೋಗುವುದರಿಂದ ನಡುವೆ ಯಾರೂ ನೋಡಲಾರರು, ಆದರೆ ನಿಧಾನ.

ನೇರ ಸಂಪರ್ಕ ಖಾತ್ರಿಯಾಗಬೇಕಾದರೆ ಎರಡರಲ್ಲಿ ಒಂದು ಕಡೆಯಾದರೂ 22000 ಪೋರ್ಟ್ (ಸಿಂಕ್‌ಥಿಂಗ್ ಸಂಪರ್ಕ ಒಳಬರುವ ಬಾಗಿಲು) ಹೊರಗಿನವರಿಗೆ ತೆರೆದಿರಬೇಕು. ಮೊಬೈಲ್ ಡೇಟಾದಲ್ಲಿ ಸಾಮಾನ್ಯವಾಗಿ ಒಂದೇ ಐಪಿವಿ4 (ಹಳೆಯ ಬಗೆಯ ಇಂಟರ್ನೆಟ್) ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿರುತ್ತಾರೆ, ಫೋನಿನ ಕಡೆ ತೆರೆಯಲು ಬರುವುದಿಲ್ಲ. ಕಂಪ್ಯೂಟರ್ ಇರುವ ಮನೆಯ ರೌಟರ್‌ನಲ್ಲೇ ಟಿಸಿಪಿ, ಯುಡಿಪಿ (ಡೇಟಾ ಸಾಗುವ ಎರಡು ಬಗೆ) ಎರಡಕ್ಕೂ ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ 22000ಕ್ಕೆ ಬಂದದ್ದು ಕಂಪ್ಯೂಟರಿಗೆ ಹೋಗುವಂತೆ ಮಾಡಿ. ಅದಕ್ಕೆ ಮುಂಚೆ ರೌಟರಿನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ ಗಮನಿಸಿ: ಅದು 100.64ರಿಂದ 100.127ರೊಳಗೆ ಶುರುವಾದರೆ ನಿಮ್ಮ ಬ್ರಾಡ್‌ಬ್ಯಾಂಡ್ ಕೂಡ ಹಂಚಿಕೆಯ ವಿಳಾಸದ್ದೇ, ಫಾರ್ವರ್ಡ್ ಮಾಡಿ ಪ್ರಯೋಜನವಿಲ್ಲ. ಆಗ ಎರಡೂ ಕಡೆ ಐಪಿವಿ6 (ಹೊಸ ಬಗೆಯ ವಿಳಾಸ) ಇದೆಯೇ ನೋಡಿ, ಇದ್ದರೆ ರೌಟರಿನ ಐಪಿವಿ6 ಫೈರ್‌ವಾಲ್‌ನಲ್ಲಿ ಕಂಪ್ಯೂಟರಿಗೆ 22000 ಬಿಡಿ. ಅದೂ ಇಲ್ಲದಿದ್ದರೆ ಬ್ರಾಡ್‌ಬ್ಯಾಂಡ್ ಕಂಪನಿಯಿಂದ ಪಬ್ಲಿಕ್ ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ವಿಳಾಸ) ಕೇಳಿ ಪಡೆಯಬೇಕು.

ಇನ್ನು ಸ್ಕ್ರೀನ್ ಆರಿದಾಗ ನಿಲ್ಲುವುದು. ಆಂಡ್ರಾಯ್ಡ್ 6ರಿಂದ ಈಚೆಗೆ, ಸುಮ್ಮನೆ ಬಿದ್ದಿರುವ ಫೋನು ಬ್ಯಾಟರಿ ಉಳಿಸಲು ಆಪ್‌ಗಳ ನೆಟ್‌ವರ್ಕ್ ಕಡಿಯುತ್ತದೆ. ಆಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಕೆಲವು ಫೋನ್‌ಗಳಲ್ಲಿ ‘ಆಟೋಸ್ಟಾರ್ಟ್’ ಬೇರೆಯೇ ಇರುತ್ತದೆ, ಅದನ್ನೂ ಆನ್ ಮಾಡಿ. ಆಮೇಲೆ ಸಿಂಕ್‌ಥಿಂಗ್‌ನೊಳಗೆ ‘ವೈಫೈ ಇದ್ದಾಗ, ಚಾರ್ಜ್ ಆಗುವಾಗ ಮಾತ್ರ’ ಎಂಬ ಷರತ್ತು ಹಾಕಿ. ರಾತ್ರಿ ಚಾರ್ಜಿಗಿಟ್ಟ ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ, ಡೇಟಾ ಪ್ಯಾಕೂ ಉಳಿಯುತ್ತದೆ. ಮೂಲ ಆಂಡ್ರಾಯ್ಡ್ ಆಪ್ 2024ರ ಡಿಸೆಂಬರ್‌ಗೆ ನಿಂತಿದೆ. ಇನ್ನೂ ಅದನ್ನೇ ಬಳಸುತ್ತಿದ್ದರೆ ಅದರಿಂದಲೇ ಕವಲೊಡೆದ ಸಿಂಕ್‌ಥಿಂಗ್-ಫೋರ್ಕ್ ಆಪ್‌ಗೆ ಬದಲಾಯಿಸಿ.

ಆರು ಫೋನ್‌ಗಳನ್ನೂ ಒಂದಕ್ಕೊಂದು ಜೋಡಿಸಬೇಡಿ. ಪ್ರತಿ ಸಂಪರ್ಕವೂ ಬ್ಯಾಟರಿ ತಿನ್ನುತ್ತದೆ, ಮಲಗಿರುವ ಫೋನಿನಿಂದ ಇನ್ನೊಂದಕ್ಕೆ ಸಿಗುವುದೂ ಅಷ್ಟಕ್ಕಷ್ಟೇ. ಎಲ್ಲವೂ ಕಂಪ್ಯೂಟರಿಗೆ ಮಾತ್ರ ಜೋಡಿಯಾಗಲಿ, ಕಂಪ್ಯೂಟರ್ ರಾತ್ರಿ ಆನ್ ಇರಲಿ. ‘ಇಂಟ್ರೊಡ್ಯೂಸರ್’ ಎಂಬಲ್ಲಿ ಟಿಕ್ ಹಾಕಿದರೆ ಫೋನ್‌ಗಳು ತಾವಾಗಿಯೇ ಪರಸ್ಪರ ಸೇರಿಕೊಳ್ಳುತ್ತವೆ, ಅದನ್ನು ಮುಟ್ಟಬೇಡಿ. ಒಂದು ಲೆಕ್ಕ ನೆನಪಿರಲಿ: 4 ಜಿಬಿ ವಿಡಿಯೊ ಆರು ಮನೆಗಳಿಗೆ ಹೋಗಬೇಕಾದರೆ ಕಂಪ್ಯೂಟರ್ ಕಡೆಯಿಂದ 24 ಜಿಬಿ ಅಪ್‌ಲೋಡ್. ದೊಡ್ಡ ಫೈಲುಗಳನ್ನು ಅಭ್ಯಾಸಕ್ಕೆ ಸೇರಿದ ದಿನ ಅಲ್ಲಿನ ವೈಫೈಯಲ್ಲೇ ಮುಗಿಸಿಕೊಳ್ಳುವುದು ಲೇಸು.

ಪ್ರಶ್ನೆ: ಸಿಂಕ್‌ಥಿಂಗ್ ಬಳಸುತ್ತೇವೆ. ಜಾಗಕ್ಕಾಗಿ ಫೋನಿನಲ್ಲಿ ಹಳೆಯ ವಿಡಿಯೊ ಅಳಿಸಿದರೆ ಕಂಪ್ಯೂಟರಿನಲ್ಲೂ ಹೋಗುತ್ತದೆ. ತಡೆಯಬಹುದೇ?
– ಓದುಗರು, ಶಿರಸಿ

ಉತ್ತರ: ತಡೆಯಬಹುದು, ಆದರೆ ಕ್ರಮ ತಪ್ಪಬಾರದು. ಫೋನಿನಲ್ಲಿ ಆ ಫೋಲ್ಡರಿನ ‘ಇಗ್ನೋರ್ ಪ್ಯಾಟರ್ನ್ಸ್’ಗೆ (ಸಿಂಕ್ ಮಾಡದೆ ಬಿಡಬೇಕಾದವುಗಳ ಪಟ್ಟಿ) ಹೋಗಿ /2023 ಎಂದು ಬರೆಯಿರಿ (ಹಳೆಯವು ಆ ಹೆಸರಿನ ಒಳಫೋಲ್ಡರ್‌ನಲ್ಲಿದ್ದರೆ). ರೀಸ್ಕ್ಯಾನ್ ಮುಗಿದ ಮೇಲೆ ಅಳಿಸಿ. ಮೊದಲು ಅಳಿಸಿ ಆಮೇಲೆ ಬರೆದರೆ, ಅಷ್ಟರೊಳಗೆ ಅಳಿಸಿದ ಸುದ್ದಿ ಕಂಪ್ಯೂಟರಿಗೆ ತಲುಪಿರುತ್ತದೆ. ಕೈತಪ್ಪಿಗೆ ರಕ್ಷಣೆಯಾಗಿ ಕಂಪ್ಯೂಟರಿನ ‘ಫೈಲ್ ವರ್ಷನಿಂಗ್’ನಲ್ಲಿ ‘ಟ್ರ್ಯಾಶ್ ಕ್ಯಾನ್’ ಆರಿಸಿ ದಿನ 0 ಎಂದಿಡಿ (0 ಅಂದರೆ ಎಂದೂ ತೆಗೆದುಹಾಕದೆ ಇಟ್ಟುಕೋ ಎಂದರ್ಥ). ಫೋನಿನಲ್ಲಿ ಅಳಿಸಿದ್ದು ಕಂಪ್ಯೂಟರಿನ .stversions ಫೋಲ್ಡರಿನಲ್ಲಿ ಉಳಿದಿರುತ್ತದೆ. ಇಗ್ನೋರ್ ಪಟ್ಟಿ ಒಂದು ಸಾಧನದಿಂದ ಇನ್ನೊಂದಕ್ಕೆ ಹೋಗುವುದಿಲ್ಲ, ಪ್ರತಿ ಫೋನಿನಲ್ಲೂ ಬೇರೆಯಾಗಿಯೇ ಬರೆಯಬೇಕು.